ಸೊನ್ನೆಯಾಗದೆ ಉಳಿದ ಮನೆ

‘ಉಳಿಯೋದೇ ಇಲ್ಲ’ ಎಂದುಬಿಟ್ಟಿದ್ದ. ಕೇಳಿದವಳು ತಲೆಯಾಡಿಸಿ ತನ್ನ ಮೇಜಿಗೆ ಹೋಗಿ ಅರ್ಧ ಗಂಟೆಯಾಗಿತ್ತು. ಆದರೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಬಾಯಲ್ಲೇ ಇತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಅಷ್ಟು ಅವಸರವಾಗಿ ಯಾಕೆ ಹೇಳಬೇಕಿತ್ತು? ಟೀಮಿಗೆ ಬಂದು ಮೂರು ತಿಂಗಳಾದ ಎಂಜಿನಿಯರ್ ಅವಳು, ದಪ್ಪ ಕನ್ನಡಕದವಳು, ಏನನ್ನೂ ಸುಮ್ಮನೆ ನಂಬದೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದುವ ಸ್ವಭಾವ. ಅವನು ಹದಿನೇಳು ವರ್ಷದ ಹಿಂದೆ ಬರೆದ, ಯಂತ್ರ ಎದ್ದ ಕೂಡಲೇ ಓಡುವ ಸ್ಟಾರ್ಟಪ್ ಕೋಡನ್ನು ಹೊಸ ಚಿಪ್ಪಿಗೆ ಹೊಂದಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ‘ಸರ್, ಇಲ್ಲಿ ಮೆಮೊರೀನ ನಾಲ್ಕ್ ನಾಲ್ಕ್ ಮನೆಯಾಗಿ ಸೊನ್ನೆ ಮಾಡ್ಕೊಂಡು ಹೋಗ್ತೀವಲ್ಲ, ಕೊನೇಲಿ ಒಂದೋ ಎರಡೋ ಮನೆ ಉಳಿದ್ರೆ ಅದಕ್ಕೇನ್ ಮಾಡ್ತೀವಿ?’ ಅವನು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ‘ಉಳಿಯೋದೇ ಇಲ್ಲಮ್ಮ. ಉಳಿಯೋ ಹಾಗಿದ್ರೆ ಹದಿನೇಳು ವರ್ಷ ಇದು ಓಡ್ತಿತ್ತಾ?’ ಅವಳು ‘ಹೌದಾ ಸರ್’ ಎಂದಳು. ಆ ‘ಹೌದಾ’ದಲ್ಲಿ ಒಪ್ಪಿಗೆಯೂ ಇರಲಿಲ್ಲ, ತಕರಾರೂ ಇರಲಿಲ್ಲ. ಅವಳು ಹೋದ ಮೇಲೆ ತನ್ನ ಕಿವಿ ಬಿಸಿಯಾಗಿರುವುದು ಅವನಿಗೆ ಗೊತ್ತಾಯಿತು. ಶನಿವಾರ, ಹೊರಗೆ ಬಿಸಿಲು, ಅರ್ಧ ಆಫೀಸು ಖಾಲಿ, ಎಲ್ಲೋ ಒಂದು ಪ್ರಿಂಟರ್ ತನ್ನಷ್ಟಕ್ಕೆ ಗುರುಗುಡುತ್ತಿತ್ತು. ಹೆದರುವಂಥದ್ದು ಏನೂ ಇರಲಿಲ್ಲ.

ನಾನೂರ ಹನ್ನೆರಡು ಸಾಲು. ಹದಿನೇಳು ವರ್ಷದ ಅವನ ಹೆಮ್ಮೆಯೆಲ್ಲ ಅಷ್ಟರಲ್ಲೇ ಇತ್ತು. ಯಂತ್ರಕ್ಕೆ ಕರೆಂಟು ಬಂದ ಮೊದಲ ಗಳಿಗೆಯಲ್ಲಿ ಅದಕ್ಕೆ ತಾನು ಯಾರು ಎನ್ನುವುದೂ ಗೊತ್ತಿರುವುದಿಲ್ಲ. ಪ್ರೊಸೆಸರ್ ಕಣ್ಣು ಬಿಟ್ಟು, ಹುಟ್ಟುವಾಗಲೇ ಹೇಳಿಕೊಟ್ಟ ಒಂದೇ ಒಂದು ವಿಳಾಸಕ್ಕೆ ಹೋಗಿ ನಿಲ್ಲುತ್ತದೆ. ಆ ವಿಳಾಸದಲ್ಲಿ ಇವನ ಸಾಲುಗಳು ಕಾದಿರುತ್ತವೆ. ಹೊರಗಿನಿಂದ ಯಾರೂ ಕೂಗಿ ಎಬ್ಬಿಸದಂತೆ ಬಾಗಿಲು ಹಾಕುವುದು, ಅರ್ಧ ಮಾಡಿದ ಕೆಲಸದ ಗುರುತು ಒಂದರ ಮೇಲೊಂದು ಇಟ್ಟುಕೊಳ್ಳುವ ಸ್ಟ್ಯಾಕ್ ಎಲ್ಲಿಂದ ಶುರು ಎಂದು ತೋರಿಸುವುದು, ಮೆಮೊರಿಯ ಮನೆಗಳಲ್ಲಿ ಹಿಂದಿನ ಸಲದ ಕಸ ಉಳಿದಿದ್ದರೆ ಅದನ್ನೆಲ್ಲ ಒರೆಸಿ ಸೊನ್ನೆ ಮಾಡುವುದು, ಎಲ್ಲ ಚೊಕ್ಕಟವಾದ ಮೇಲೆ ಮುಂದಿನದನ್ನೆಲ್ಲ ನಡೆಸುವ ಕರ್ನಲ್ ಎಂಬ ಯಜಮಾನನನ್ನು ಒಳಗೆ ಕರೆದು ತಾವು ಹಿಂದೆ ಸರಿಯುವುದು. ಕಣ್ಣು ಮಿಟುಕಿಸುವಷ್ಟರೊಳಗೆ ಮುಗಿದುಹೋಗುವ ಚಾಕರಿ. ಅಷ್ಟಾದ ಮೇಲೆ ಆ ಸಾಲುಗಳನ್ನು ಯಾರೂ ನೆನೆಯುವುದಿಲ್ಲ. ಆದರೆ ಮೇಲೆ ಕೂತು ಕೋಡ್ ಬರೆಯುವ ಪ್ರತಿಯೊಬ್ಬರೂ ಆ ಸಾಲುಗಳು ಕೊಟ್ಟ ಒಂದು ಮಾತನ್ನು ನಂಬಿಕೊಂಡಿರುತ್ತಾರೆ: ನೀವು ಏನೂ ಬರೆಯದೆ ಬಿಟ್ಟ ಮನೆಯಲ್ಲಿ ಸೊನ್ನೆಯೇ ಇರುತ್ತದೆ. ಆ ಮಾತಿನ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ ಆಫೀಸಿನಲ್ಲಿ ಬೆನ್ನ ಹಿಂದೆ ಅವನನ್ನು ಸೊನ್ನೆ ಸಾಹೇಬ ಎನ್ನುತ್ತಿದ್ದರು. ಕಾಫಿ ಮಷಿನ್ನಿನ ಹತ್ತಿರ ಅದು ಕಿವಿಗೆ ಬಿದ್ದ ಮೊದಲ ದಿನ ಸಿಟ್ಟು ಬಂದಿತ್ತು. ಆಮೇಲೆ ಮನೆಗೆ ಹೋಗಿ ಹೆಂಡತಿಗೆ ತಾನೇ ಹೇಳಿ ನಕ್ಕಿದ್ದ.

ಈಗ ಆ ಸಾಲುಗಳನ್ನು ತೆರೆದು ಕೂತ. ಓದಬೇಕಾದದ್ದು ಆರೇ ಸಾಲು. ಬೇಗ ಮುಗಿಯಲಿ ಎಂದು ನಾಲ್ಕು ನಾಲ್ಕು ಮನೆಯನ್ನು ಒಟ್ಟಿಗೆ ಒರೆಸುತ್ತ ಹೋಗುವುದು. ಮುಂದೆ ಪೂರಾ ನಾಲ್ಕು ಮನೆ ಇಲ್ಲದಿದ್ದರೆ ನಿಲ್ಲಿಸುವುದು. ನಿಲ್ಲಿಸುವುದು, ಅಷ್ಟೇ. ಉಳಿದದ್ದಕ್ಕೆ ಏನೂ ಇರಲಿಲ್ಲ. ಎರಡನೇ ಸಲ ಓದಿದ. ಮೂರನೇ ಸಲ ಓದುವಾಗ ಬೇರೆ ಯಾರೋ ಬರೆದದ್ದನ್ನು ಓದುತ್ತಿರುವ ಹಾಗೆ ನಟಿಸಿ ನೋಡಿದ, ಆಗಲೂ ಏನೂ ಇರಲಿಲ್ಲ. ಬರೆಯುವಾಗ ಅವನ ತಲೆಯಲ್ಲಿದ್ದದ್ದು ನೆನಪಿಗೆ ಬಂತು; ಕಡೆಯ ವಿಳಾಸ ಯಾವಾಗಲೂ ನಾಲ್ಕರ ಲೆಕ್ಕಕ್ಕೆ ಸರಿಯಾಗಿ ಬರುವಂತೆ ಇನ್ನೊಂದು ಕಡತದಲ್ಲಿ ಒಂದು ಸಾಲು ಸೇರಿಸಬೇಕು ಎಂದುಕೊಂಡಿದ್ದ. ಸೇರಿಸಿದ್ದೇನೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದ. ಆ ಕಡತ ತೆರೆದ. ಅಲ್ಲಿ ಆ ಸಾಲು ಇರಲಿಲ್ಲ. ಲೆಕ್ಕ ತಾನಾಗಿಯೇ ಸರಿಹೋಗಿ ವರ್ಷಗಟ್ಟಲೆ ಓಡಿತ್ತು, ಅದರಲ್ಲಿ ಅವನ ಜಾಣತನ ಏನೇನೂ ಇರಲಿಲ್ಲ. ಆಗಲೂ ಅವನು ಎದ್ದು ಹೋಗಿ ಕನ್ನಡಕದವಳಿಗೆ ‘ನೀನ್ ಹೇಳಿದ್ದು ಸರಿಯಮ್ಮ’ ಎಂದು ನಕ್ಕುಬಿಡಬಹುದಿತ್ತು. ಎರಡು ಸಾಲಿನ ತಿದ್ದುಪಡಿ. ಆದರೆ ಅವನ ಕೈ ಅವನನ್ನು ಕೇಳದೆ ಹಳೆಯ ದಾಖಲೆಗಳ ಕಡೆ ಹೋಯಿತು, ಹನ್ನೊಂದು ವರ್ಷದ ಹಿಂದಿನ ಒಂದು ತಿಂಗಳ ಕಡೆಗೆ. ಯಾವ ಮನೆಯಲ್ಲಿ ಏನಿದೆ ಎಂದು ವಿಳಾಸ ಸಮೇತ ತೋರಿಸುವ ಪಟ್ಟಿ ಆ ತಿಂಗಳದ್ದೂ ಇತ್ತು. ಕಂಪನಿಯಲ್ಲಿ ಯಾವುದನ್ನೂ ಬಿಸಾಡುತ್ತಿರಲಿಲ್ಲ.

ಪಟ್ಟಿಯ ಕೊನೆಗೆ ಹೋಗುವ ಮುಂಚೆಯೇ ಗೊತ್ತಾಗಿತ್ತು. ಗೊತ್ತಾಗಿಯೂ ಮೇಲಿನಿಂದ ಒಂದೊಂದೇ ಸಾಲು ಇಳಿದು ಬಂದ, ಆಸ್ಪತ್ರೆಯ ಕಾರಿಡಾರಿನಲ್ಲಿ ಬೇಕೆಂದೇ ನಿಧಾನವಾಗಿ ನಡೆಯುವವರ ಹಾಗೆ. ಒಟ್ಟು ಮನೆಗಳನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತಿತ್ತು. ಆ ಉಳಿದ ಒಂದು ಮನೆಯ ಎದುರು, ಆಗ ಇದೇ ಕಂಪನಿಯಲ್ಲಿದ್ದ ಅವನ ಭಾಮೈದ ಇಟ್ಟ ಹೆಸರಿತ್ತು: ಅಲಾರಂ ಸುಮ್ಮನಿರಲಿ.

ಆ ಪಟ್ಟಿ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಇಡುವ ಪೆಟ್ಟಿಗೆಯದು. ಅಲಾರಂ ಕೂಗಿದರೆ ನರ್ಸ್ ಬಂದು ಗುಂಡಿ ಒತ್ತಿ ಅದನ್ನು ಎರಡು ನಿಮಿಷ ಸುಮ್ಮನಿರಿಸಬಹುದು. ಒತ್ತಿದಾಗ ಭಾಮೈದ ಹೆಸರಿಟ್ಟ ಆ ಮನೆಯಲ್ಲಿ ಒಂದು ಎಂದು ಬೀಳುತ್ತದೆ, ಎರಡು ನಿಮಿಷವಾದ ಮೇಲೆ ಮತ್ತೆ ಸೊನ್ನೆ. ಆ ತಿಂಗಳ ಒಂದು ದಿನ ನರ್ಸ್ ಗುಂಡಿ ಒತ್ತಿದ ಮೇಲೆ, ಎರಡು ನಿಮಿಷ ಮುಗಿಯುವ ಮುಂಚೆ, ಕರೆಂಟು ಒಂದು ಕ್ಷಣ ಹೋಗಿ ಬಂತು. ತಣ್ಣಗಿದ್ದ ಯಂತ್ರವನ್ನು ಮೊದಲ ಸಲ ಎಬ್ಬಿಸುವಾಗ ಮೆಮೊರಿ ಪರೀಕ್ಷೆ ನಡೆದು ಎಲ್ಲ ಮನೆಯೂ ತಾನಾಗಿ ಸೊನ್ನೆಯಾಗುತ್ತಿತ್ತು. ಕರೆಂಟು ಮಿನುಗಿ ಎದ್ದಾಗ ಮಾತ್ರ ಆ ಪರೀಕ್ಷೆ ಬೇಡ, ಕೂಸು ಕಾಯುತ್ತಿರುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಪೆಟ್ಟಿಗೆ ಎದ್ದು ನಿಲ್ಲಬೇಕು ಎಂದು ಹಟ ಹಿಡಿದು ಸಾಧಿಸಿದವನು ಇವನೇ. ಪೆಟ್ಟಿಗೆ ಒಂದೂವರೆ ಸೆಕೆಂಡಿನಲ್ಲಿ ಎದ್ದಿತು. ಎಲ್ಲ ಮನೆಯೂ ಸೊನ್ನೆಯಾಯಿತು, ಒಂದನ್ನು ಬಿಟ್ಟು. ಎರಡು ನಿಮಿಷ ಎಣಿಸುವ ಗಡಿಯಾರ ತಾನು ಎಣಿಸುತ್ತಿದ್ದುದನ್ನೇ ಮರೆಯಿತು, ಸುಮ್ಮನಿರು ಎಂಬ ಅಪ್ಪಣೆ ಮಾತ್ರ ಹಾಗೇ ಉಳಿಯಿತು. ಕೂಸಿನ ಮೈಗೆ ಅಂಟಿಸಿದ ಶಾಖ ಅಳೆಯುವ ಪಟ್ಟಿ ಜಾರಿತು, ಮೈ ತಣ್ಣಗಿದೆ ಎಂದುಕೊಂಡು ಪೆಟ್ಟಿಗೆ ಬಿಸಿಯಾಗುತ್ತ ಹೋಯಿತು, ಅಲಾರಂ ಕೂಗಲಿಲ್ಲ. ನಲವತ್ತು ನಿಮಿಷವಾದ ಮೇಲೆ ಯಾರೋ ನೋಡಿದರು. ಒಂಬತ್ತು ದಿನದ ಹೆಣ್ಣುಕೂಸು, ಬಲಗಾಲು ಸುಟ್ಟಿತ್ತು. ಬದುಕಿತು ಎಂದು ವರದಿಯ ಕೊನೆಯ ಸಾಲಿನಲ್ಲಿತ್ತು. ಅದನ್ನು ಓದಿ ಎಲ್ಲರೂ ಉಸಿರು ಬಿಟ್ಟಿದ್ದರು.

ಅದರ ವಿಚಾರಣೆಗೆ ಸೇರಿದ ಮೀಟಿಂಗಿನ ಕೋಣೆಗೆ ಕಿಟಕಿ ಇರಲಿಲ್ಲ. ಮೇಜಿನ ತಲೆಯಲ್ಲಿ ಡೈರೆಕ್ಟರ್, ಆಸ್ಪತ್ರೆಯ ಕಡೆಯ ಇಬ್ಬರು, ಇವನು, ಎದುರಿಗೆ ಭಾಮೈದ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಅವನ ಅಂಗಿಗೆ ಆಗಲೂ ಅಕ್ಕನೇ ಇಸ್ತ್ರಿ ಮಾಡುತ್ತಿದ್ದಳು, ಒಂದೇ ಮನೆಯಲ್ಲಿದ್ದರು. ತಾಯಿ ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೆಂಟು. ಮದುವೆಯಾಗಿ ಬರುವಾಗ ಅವಳು ತಮ್ಮನನ್ನೂ ಕರೆದುಕೊಂಡೇ ಬಂದಿದ್ದಳು, ಇವನೂ ಸಂತೋಷವಾಗಿಯೇ ಒಪ್ಪಿದ್ದ, ಲೆಕ್ಕ ಹೇಳಿಕೊಟ್ಟಿದ್ದ, ಕೋಡ್ ಬರೆಯಲು ಕಲಿಸಿದ್ದ, ಕೊನೆಗೆ ತನ್ನ ಪಕ್ಕದ ಮೇಜಿಗೇ ಸೇರಿಸಿದ್ದ. ಡೈರೆಕ್ಟರ್ ಕೇಳಿದರು, ‘ಆ ಮನೆಗೆ ಮೊದಲು ಸೊನ್ನೆ ಹಾಕ್ಬೇಕು ಅಂತ ನೀನು ಬರ್ದಿದೀಯಾ?’ ಭಾಮೈದ ಹೇಳಿದ, ‘ಬರೀಬೇಕಾಗಿಲ್ಲ ಸರ್. ಬರೀದೇ ಇದ್ರೆ ಸೊನ್ನೇನೇ ಇರುತ್ತೆ. ಸ್ಟಾರ್ಟಪ್ಪಲ್ಲಿ ಎಲ್ಲಾ ಒರೆಸಿಕೊಡ್ತಾರೆ.’ ಎಲ್ಲರೂ ಇವನ ಕಡೆ ತಿರುಗಿದರು. ‘ನನ್ನ ಸಾಲುಗಳು ಆರು ವರ್ಷದಿಂದ ಓಡ್ತಿವೆ. ಒಂದು ದೂರು ಇಲ್ಲ’ ಎಂದ ಇವನು. ಅದು ಸುಳ್ಳೂ ಆಗಿರಲಿಲ್ಲ. ಆಗ ಭಾಮೈದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಸರ್ ಎನ್ನುವುದನ್ನೂ ಮರೆತು, ‘ಭಾವ, ಒಂದ್ಸಲ ನೋಡಿ ಭಾವ’ ಎಂದುಬಿಟ್ಟ. ಯಾರೋ ಗಂಟಲಲ್ಲೇ ನಕ್ಕರು. ಇವನ ಮುಖಕ್ಕೆ ರಕ್ತ ನುಗ್ಗಿತು. ‘ಇಲ್ಲಿ ಭಾವ ಗೀವ ಯಾರೂ ಇಲ್ಲ. ನಿನ್ನ ಕೆಲಸ ನೀನು ನೋಡ್ಕೋ’ ಎಂದ. ಆ ಹುಡುಗ ಹಿಂದಕ್ಕೆ ಒರಗಿ ಕೂತ ರೀತಿ, ಬಿಳಿ ಅಂಗಿಯ ಕಾಲರಿನೊಳಗೆ ಅವನ ಕತ್ತು ಸಣ್ಣದಾದ ಹಾಗೆ ಕಂಡದ್ದು! ಆಸ್ಪತ್ರೆಯ ಪೆಟ್ಟಿಗೆಯಲ್ಲೇ ಒಂದು ಸಾಲು ಸೇರಿಸಿ ಆ ಮನೆಗೆ ಬೇರೆಯಾಗಿ ಸೊನ್ನೆ ಹಾಕಿ ನೋಡಿದರು, ದೋಷ ಮಾಯವಾಯಿತು. ಅಲ್ಲಿಗೆ ದೋಷ ಯಾರದೆಂದು ಸಾಬೀತಾದ ಹಾಗಾಯಿತು. ವರದಿಗೆ ಭಾಮೈದ ಸಹಿ ಹಾಕಿ ಹೊರಗೆ ಹೋದ.

ಈಗ ಇವನು, ತಪ್ಪು ಯಾರಿಗಾದರೂ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ನೋಡಿದ. ಆ ಸಮಾಧಾನ ನಿಲ್ಲಲಿಲ್ಲ. ಯಾಕೆಂದರೆ ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ತಾನೇ ಈ ಕಡತವನ್ನು ತೆರೆದಿದ್ದ. ತೆರೆದು, ಮೊದಲ ಮೂವತ್ತು ಸಾಲು ಓದಿ, ಎಲ್ಲ ಸರಿಯಿದೆ ಎಂದು ಮುಚ್ಚಿದ್ದ. ಆ ಆರು ಸಾಲು ಇದ್ದದ್ದು ಎರಡನೇ ಪುಟದಲ್ಲಿ. ಇನ್ನೊಂದು ಪುಟ ಇಳಿದಿದ್ದರೆ ಸಾಕಿತ್ತು. ಇಳಿಯಲಿಲ್ಲ. ಬಸ್ಸು ತಪ್ಪುತ್ತದೆ ಎಂದುಕೊಂಡೆ ಎನ್ನುವ ನೆನಪು ಇಷ್ಟು ದಿನ ಜೊತೆಗಿತ್ತು. ಈಗ ಅದೂ ಕೈಬಿಟ್ಟಿತು. ಇಳಿದರೆ ಕಾಣುತ್ತದೆ ಎಂದು ಹೊಟ್ಟೆಯೊಳಗೆ ಎಲ್ಲೋ ಗೊತ್ತಿದ್ದುದರಿಂದಲೇ ಇಳಿಯಲಿಲ್ಲ. ಸೊನ್ನೆ ಸಾಹೇಬನೇ, ಎಂದುಕೊಂಡ. ಎದ್ದು ಮುಖ ತೊಳೆಯಲು ಹೋದ. ಕನ್ನಡಿಯಲ್ಲಿ ಕಂಡವನು ಐವತ್ತಾರು ವರ್ಷದ ಮರ್ಯಾದಸ್ಥ ಮನುಷ್ಯನ ಹಾಗೆಯೇ ಇದ್ದ. ವಾಪಸು ಬರುವಾಗ ಕನ್ನಡಕದವಳ ಮೇಜಿನ ಹತ್ತಿರ ನಿಂತ. ‘ನೀನು ಕೇಳಿದ್ದು ಸರಿ. ಉಳಿಯುತ್ತೆ’ ಎಂದ. ಅವಳು ಖುಷಿಯಿಂದ ತಲೆಯೆತ್ತಿದಳು, ಅವನ ಮುಖ ನೋಡಿ ಖುಷಿಯನ್ನು ಒಳಗೇ ಇಟ್ಟುಕೊಂಡಳು. ‘ಹುಷಾರಿಲ್ವಾ ಸರ್?’ ಎಂದಳು. ತಲೆನೋವು ಎಂದು ಹೇಳಿ ಚೀಲ ತೆಗೆದುಕೊಂಡು ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಹೆಂಡತಿಯ ಫೋನು ಬಂತು. ‘ರೀ, ಬರ್ತಾ ಹಾಲು ತನ್ನಿ, ಇವತ್ತಿಂದು ಒಡೆದೋಯ್ತು’ ಎಂದಳು. ‘ಆಯ್ತು’ ಎಂದ. ‘ಏನ್ ಧ್ವನಿ ಹೀಗಿದೆ?’ ‘ಬಸ್ಸಲ್ಲಿದೀನಿ.’ ‘ಇಷ್ಟೊತ್ತಿಗಾ?’ ಅವನು ಉತ್ತರ ಕೊಡುವಷ್ಟರಲ್ಲಿ ಅವಳೇ ‘ಸರಿ, ಹಾಲು ಮರೀಬೇಡಿ’ ಎಂದು ಇಟ್ಟಳು. ಮೂವತ್ತು ವರ್ಷದಲ್ಲಿ ಅವಳು ಅವನನ್ನು ಒಂದು ಮಾತಿಗಿಂತ ಹೆಚ್ಚು ಕೆದಕಿದವಳಲ್ಲ. ಅವಳ ತಮ್ಮ ಕೆಲಸ ಬಿಟ್ಟು ಬೇರೆ ಕೋಣೆ ಮಾಡಿಕೊಂಡು ಹೋದ ದಿನ ಕೂಡ ಅವಳು ಕೇಳಿದ್ದು ಒಂದೇ: ‘ನಿಜವಾಗ್ಲೂ ಅವಂದೇ ತಪ್ಪಾ?’ ಇವನು ಹೌದು ಎಂದ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ಚಿಕ್ಕಂದಿನಿಂದ್ಲೂ ಅವನು ಸ್ವಲ್ಪ ಮರೆಗುಳೀನೇ ಬಿಡಿ’ ಎಂದಳು. ಅವನು ಮರೆಗುಳಿಯಾಗಿರಲಿಲ್ಲ. ಶಾಲೆಯ ಇಡೀ ತರಗತಿಯ ಹಾಜರಿ ಸಂಖ್ಯೆಗಳನ್ನು ಬಾಯಿಪಾಠ ಹೇಳುತ್ತಿದ್ದ ಹುಡುಗ, ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗಂಡನ ಮಾತು ಉಳಿಯಲಿ ಎಂದು ತಾನು ಸಾಕಿದ ತಮ್ಮನನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದಳು. ಅವತ್ತು ಇವನಿಗೆ ಅದು ತನ್ನ ಗೆಲುವಿನ ಹಾಗೆ ಕಂಡಿತ್ತು. ಈಗ ಬಸ್ಸಿನ ಗಾಜಿಗೆ ತಲೆ ಒರಗಿಸಿಕೊಂಡು, ಆ ಮಾತನ್ನು ಅವಳಿಗೆ ವಾಪಸು ಕೊಡುವುದಾದರೂ ಹೇಗೆ ಎಂದು ಯೋಚಿಸಿದ. ಮೊದಲು ಭಾಮೈದನಿಗೆ ಹೇಳಬೇಕು. ಆಮೇಲೆ ಇವಳಿಗೆ. ಸೋಮವಾರ ಆಫೀಸಿನಲ್ಲಿ ಬರೆದು ಕೊಡಬೇಕು. ಪಟ್ಟಿ ಮಾಡುತ್ತ ಹೋದ ಹಾಗೆ ಮನಸ್ಸು ಸ್ವಲ್ಪ ಹಗುರವಾಯಿತು, ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಭಾಮೈದನದು ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿ, ಒಂದೇ ಬಾಗಿಲಿನದು. ಇವನು ಅಲ್ಲಿಗೆ ಬಂದದ್ದು ಎರಡೇ ಸಲ, ಅದೂ ಹೆಂಡತಿಯ ಜೊತೆ, ನಿಂತ ಕಾಲಲ್ಲಿ. ಮಾತು ಬಿಟ್ಟಿರಲಿಲ್ಲ. ಮನೆಗೆ ಬಂದರೆ ಅವನು ‘ಹೇಗಿದೀರಿ ಭಾವ’ ಎನ್ನುತ್ತಿದ್ದ, ಕೊಟ್ಟದ್ದನ್ನು ತಿನ್ನುತ್ತಿದ್ದ, ಅಕ್ಕನ ಮಂಡಿನೋವು ವಿಚಾರಿಸಿ ಹೊರಡುತ್ತಿದ್ದ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಇವನಿಗೆ ಎಷ್ಟೋ ಸಲ ಅನ್ನಿಸಿತ್ತು. ಅಂಗಡಿಯ ತುಂಬ ಅಂಟಿನ ವಾಸನೆ. ಗೋಡೆಯುದ್ದಕ್ಕೂ ರಟ್ಟಿನ ಹಾಳೆ, ನೂಲಿನ ಉಂಡೆ, ಒತ್ತುಯಂತ್ರದ ಕೆಳಗೆ ಸಿಕ್ಕಿಕೊಂಡ ಯಾವುದೋ ಕಾಲೇಜಿನ ದಪ್ಪ ಪುಸ್ತಕಗಳು. ಭಾಮೈದ ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದ. ಮೂವತ್ತೆಂಟಕ್ಕೇ ತಲೆ ಅರ್ಧ ಬೆಳ್ಳಗಾಗಿತ್ತು. ಇವನನ್ನು ಕಂಡ ಕೂಡಲೇ ಸೂಜಿ ಕೆಳಗಿಟ್ಟ. ‘ಅಕ್ಕ ಹುಷಾರಾಗಿದಾಳಲ್ವಾ?’ ಅವನ ಬಾಯಿಂದ ಬಂದ ಮೊದಲ ಮಾತೇ ಅದು. ‘ಇದಾಳೆ, ಇದಾಳೆ. ಸುಮ್ನೆ ಬಂದೆ’ ಎಂದ ಇವನು. ‘ಸುಮ್ನೆ ನೀವು ಬರೋದೇ?’ ಎಂದು ಅವನು ನಕ್ಕ. ನಗುವಿನಲ್ಲಿ ಕೊಂಕು ಹುಡುಕಿದ ಇವನಿಗೆ ಅದು ಸಿಗಲಿಲ್ಲ.

ಆಗಲೇ ಮೂಲೆಯಲ್ಲಿ ರಟ್ಟಿನ ರಾಶಿಯ ಮೇಲೆ ಕೂತಿದ್ದ ಹುಡುಗಿ ಕಂಡದ್ದು. ಶಾಲೆಯ ಸಮವಸ್ತ್ರ, ಎರಡು ಜಡೆ, ತೊಡೆಯ ಮೇಲೆ ಲೆಕ್ಕದ ಪುಸ್ತಕ. ‘ಮಾಮ, ಇದಕ್ಕೆ ಉತ್ತರ ಭಿನ್ನರಾಶೀಲಿ ಬರ್ತಿದೆ, ಪುಸ್ತಕದಲ್ಲಿ ಏನೋ ತಪ್ಪಿದೆ’ ಎಂದಳು. ‘ಪುಸ್ತಕದ್ದಲ್ಲ ಕಣೇ, ನಿಂದು. ಮೊದಲನೇ ಸಾಲಿಂದ ನೋಡ್ಕೊಂಡು ಬಾ’ ಎಂದ ಭಾಮೈದ. ‘ಯಾವಾಗ್ಲೂ ನಂದೇ ತಪ್ಪು ನಿಮಗೆ’ ಎಂದು ಮೂತಿ ಉಬ್ಬಿಸಿ, ಮೊದಲ ಸಾಲಿನಿಂದ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ‘ಅಯ್ಯೋ’ ಎಂದು ಪೆನ್ಸಿಲಿನಿಂದ ಹಣೆ ಬಡಿದುಕೊಂಡಳು. ಆಮೇಲೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಸದ್ದಿಗೆ ಪುಸ್ತಕ ಮುಚ್ಚಿ ಎದ್ದಳು. ಎದ್ದು ನಡೆದಾಗ ಇವನು ನೋಡಿದ. ಬಲಗಾಲಿನ ಬೂಟಿನ ಅಟ್ಟೆ ಎಡಗಾಲಿನದರ ಎರಡರಷ್ಟು ದಪ್ಪವಿತ್ತು. ಪ್ರತಿ ಹೆಜ್ಜೆಗೂ ಅವಳ ಒಂದು ಭುಜ ತುಸು ಕೆಳಗಿಳಿದು ಮೇಲೆ ಬರುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಇವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

‘ಅವಳೇನಾ?’ ಎಂದ.

‘ಹೂಂ. ಅಕ್ಕ ಹೇಳಿಲ್ವಾ ನಿಮಗೆ?’

ಹೇಳಿರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಹನ್ನೊಂದು ವರ್ಷದಿಂದಲೂ ಗೊತ್ತಿತ್ತು, ಇವನಿಗೆ ಹೇಳಿರಲಿಲ್ಲ. ಭಾಮೈದ ಮತ್ತೆ ಸೂಜಿ ಎತ್ತಿಕೊಂಡು, ಹೊಲಿಯುತ್ತಲೇ ಹೇಳಿದ. ಕೆಲಸ ಬಿಟ್ಟ ತಿಂಗಳಲ್ಲೇ ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋಗಿದ್ದನಂತೆ. ಆ ತಾಯಿ ಬಟ್ಟೆ ಹೊಲಿದು ಬದುಕುವವಳು, ಗಂಡ ಇಲ್ಲ. ನಾನೇ ಆ ಪೆಟ್ಟಿಗೆಗೆ ಕೋಡ್ ಬರೆದವನು, ತಪ್ಪು ನನ್ನದು ಎಂದು ಬಾಗಿಲಲ್ಲೇ ನಿಂತು ಹೇಳಿದನಂತೆ. ‘ತಗೊಂಡ್ ಹೋಗಿದ್ದ ಹಣ್ಣಿನ ಚೀಲ ಬೀದಿಗೆ ಎಸೆದ್ರು ಭಾವ. ಎಸೀಬೇಕಾದ್ದೇ. ಮುಂದಿನ ವಾರ ಮತ್ತೆ ಹೋದೆ. ಹೀಗೇ ಒಂದು ವರ್ಷ. ಒಂದಿನ ಮಗೂಗೆ ಜ್ವರ, ಅವರೊಬ್ರೇ, ಆಸ್ಪತ್ರೆಗೆ ಯಾರಾದ್ರೂ ಜೊತೆ ಬೇಕಿತ್ತು. ಅವತ್ತು ಒಳಗೆ ಬಾ ಅಂದ್ರು.’ ನೂಲನ್ನು ಹಲ್ಲಿನಿಂದ ಕಡಿದ. ‘ಮೂರು ಆಪರೇಷನ್ ಆಯ್ತು ಕಾಲಿಗೆ. ಮೂರಕ್ಕೂ ನಾನೇ ಎತ್ಕೊಂಡ್ ಹೋದೆ. ಈಗ ಶನಿವಾರ ಮಧ್ಯಾಹ್ನ ಪೂರ್ತಿ ಇಲ್ಲೇ ಇರ್ತಾಳೆ. ಲೆಕ್ಕದಲ್ಲಿ ಭಾರಿ ಚುರುಕು, ಜಂಬ ಸ್ವಲ್ಪ ಜಾಸ್ತಿ.’ ಹೇಳುವಾಗ ಅವನ ಮುಖದಲ್ಲಿ ಇವನು ಹನ್ನೊಂದು ವರ್ಷದಿಂದ ಕಾಣದ ಒಂದು ಬೆಳಕಿತ್ತು. ಬಿಳಿ ಅಂಗಿ ಹಾಕಿಕೊಂಡು ಮೊದಲ ದಿನ ಆಫೀಸಿಗೆ ಹೊರಟಾಗ ಇದ್ದಂಥದ್ದು.

ಹೇಳದೆ ಎದ್ದು ಹೋಗಬಹುದಿತ್ತು. ಆ ಯೋಚನೆ ಬಂದದ್ದು ನಿಜ. ಆದರೆ ಇನ್ನೊಂದು ಸಲ ಎರಡನೇ ಪುಟಕ್ಕೆ ಇಳಿಯದೆ ಮುಚ್ಚುವುದು ಇವನಿಂದ ಆಗಲಿಲ್ಲ. ‘ಅದು ನಿಂದಲ್ಲ ಕಣೋ’ ಎಂದ. ಭಾಮೈದ ತಲೆಯೆತ್ತಲಿಲ್ಲ. ‘ಯಾವುದು?’ ‘ಆ ತಪ್ಪು. ನಿಂದಲ್ಲ. ನನ್ನದು.’ ಮುಂದೆ ಜೋಡಿಸಿಟ್ಟಿದ್ದ ಹಾಳೆಯ ಕಟ್ಟುಗಳನ್ನೇ ತೆಗೆದುಕೊಂಡು ತೋರಿಸಿದ: ನಾಲ್ಕು ಕಟ್ಟು ಪಕ್ಕಕ್ಕೆ, ಮತ್ತೆ ನಾಲ್ಕು ಪಕ್ಕಕ್ಕೆ, ಕೊನೆಗೆ ಒಂದು. ‘ಇಲ್ಲಿ ನಿಲ್ಲಿಸಿಬಿಡುತ್ತೆ. ಈ ಒಂದನ್ನ ಯಾರೂ ಒರೆಸೋದಿಲ್ಲ. ಈ ಒಂದು ನಿಂದಾಗಿತ್ತು.’ ಭಾಮೈದನ ಕೈ ನಿಂತಿತು. ಆ ಭಾಷೆ ಬಿಟ್ಟು ಹನ್ನೊಂದು ವರ್ಷವಾಗಿದ್ದರೂ ಅವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಉಳಿದ ಒಂದು ಕಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದ. ‘ಕರೆಂಟ್ ಹೋಗಿ ಬಂದಾಗ ಪರೀಕ್ಷೆ ಇರ್ಲಿಲ್ಲ’ ಎಂದ ತನಗೆ ತಾನೇ. ‘ಹೌದು.’ ‘ಅದಕ್ಕೇ ನಮ್ಮ ಮೇಜಿನ ಮೇಲೆ ಎಷ್ಟು ಸಲ ಮಾಡಿದ್ರೂ ಬರ್ಲಿಲ್ಲ.’ ‘ಹೌದು.’ ‘ಅಂದ್ರೆ ನಾನು ಬರ್ದಿದ್ದು ಸರಿ ಇತ್ತು.’ ಒಂದು ಕ್ಷಣ, ಒಂದೇ ಕ್ಷಣ, ಅವನು ನಕ್ಕ. ಇವನಿಗೆ ಅಳು ಬಂತು. ಅಡಗಿಸಲು ಹೋಗಲಿಲ್ಲ. ‘ನಾನು ಅವತ್ತೇ ನೋಡಬಹುದಿತ್ತು ಕಣೋ. ಕಡತ ತೆಗೆದು, ನೋಡದೆ ಮುಚ್ಚಿದೆ. ನೀನು ನೋಡಿ ಅಂತ ಕೇಳ್ಕೊಂಡೆ, ಎಲ್ಲರ ಎದುರಿಗೆ ನಿನ್ನ...’ ಭಾಮೈದ ಎದ್ದು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟ. ‘ಕುಡೀರಿ ಭಾವ’ ಎಂದ.

ಇವನು ಕುಡಿದು ಕಣ್ಣು ಒರೆಸಿಕೊಂಡ. ‘ಸೋಮವಾರ ಎಲ್ಲಾ ಬರೆದು ಕೊಡ್ತೀನಿ. ನಿನ್ನ ಹೆಸರು ಅಲ್ಲಿಂದ ತೆಗೆಸ್ತೀನಿ. ಆ ತಾಯಿಗೂ ನಾನೇ ಹೇಳ್ತೀನಿ, ಇವತ್ತೇ ಹೇಳ್ತೀನಿ.’

‘ಬೇಡ’ ಎಂದ ಭಾಮೈದ. ಅಷ್ಟು ಜೋರಾಗಿ ಹೇಳಿದ್ದಕ್ಕೆ ಅವನಿಗೇ ಗಾಬರಿಯಾಯಿತು. ಬಾಗಿಲಿನ ಕಡೆ ನೋಡಿದ. ಹುಡುಗಿ ಬೀದಿಯಲ್ಲಿ ಯಾರ ಜೊತೆಗೋ ಔಟಾಗಿಲ್ಲ ಎಂದು ಜಗಳವಾಡುತ್ತಿದ್ದಳು. ಧ್ವನಿ ತಗ್ಗಿಸಿದ. ‘ಕೋಡ್ ಸರಿ ಮಾಡಿ. ಆ ಮಿಷಿನ್ ಎಲ್ಲೆಲ್ಲಿದೆಯೋ ಎಲ್ಲಾ ಸರಿ ಮಾಡಿಸಿ, ಒಂದೂ ಬಿಡಬೇಡಿ. ಆಫೀಸಲ್ಲಿ ಏನು ಬೇಕಾದ್ರೂ ಬರೆದು ಕೊಡಿ. ಆದ್ರೆ ಅವರಿಗೆ ಹೇಳಬೇಡಿ.’

‘ಯಾಕೋ? ನಿನ್ನದಲ್ಲದ್ದನ್ನ ಎಷ್ಟು ದಿನ ಹೊತ್ಕೊಂಡಿರ್ತೀಯ?’

ಭಾಮೈದ ಬೆರಳಿಗೆ ಮೆತ್ತಿ ಒಣಗಿದ ಅಂಟನ್ನು ಒಂದೊಂದೇ ಸುಲಿಯುತ್ತ ಕೂತ. ‘ಆ ಮನೇಲಿ ನಾನು ಯಾರು ಹೇಳಿ? ನೆಂಟನಲ್ಲ, ಬಂಧುವಲ್ಲ. ತಪ್ಪು ಮಾಡಿದೋನು ಅಂತ ತಾನೇ ನನ್ನ ಒಳಗೆ ಬಿಟ್ಟಿದ್ದು. ಅದು ನಂದಲ್ಲ ಅಂದ್ರೆ ನಾನು ಅಲ್ಲಿಗೆ ಯಾಕ್ ಹೋಗ್ಲಿ? ಹೋದ್ರೂ ಅವರು ಸಂಕೋಚ ಪಟ್ಕೋತಾರೆ. ಪಾಪ, ಸುಮ್ಸುಮ್ನೆ ಬೈದೆ, ಸುಮ್ಸುಮ್ನೆ ಓಡಾಡಿಸಿದೆ ಅಂತ. ಆಮೇಲೆ ಅವಳನ್ನ ಇಲ್ಲಿಗೆ ಕಳಿಸೋದಿಲ್ಲ.’ ಸುಲಿದ ಅಂಟನ್ನು ಕೈಯಿಂದ ಕೊಡವಿದ. ‘ನಿಮ್ಮ ಮೇಲೆ ಸಿಟ್ಟಿಲ್ಲ ಭಾವ. ಇತ್ತು ಒಂದು ಕಾಲದಲ್ಲಿ, ಈಗ ಹುಡುಕಿದ್ರೂ ಸಿಗೋದಿಲ್ಲ. ನಿಮಗೆ ಕೆಲಸ ಇದೆ, ಹೆಸರಿದೆ, ಅಕ್ಕ ಇದಾಳೆ. ನನಗಿರೋದು ಇದೊಂದೇ. ಇದನ್ನೂ ತಗೋಬೇಡಿ.’

ಇವನು ತಂದದ್ದನ್ನು ಇಳಿಸಲು ಜಾಗವಿಲ್ಲದೆ ಸ್ಟೂಲಿನ ಮೇಲೆ ಕೂತೇ ಇದ್ದ. ಹೊರಗೆ ‘ಅಮ್ಮಾ’ ಎಂದು ಹುಡುಗಿ ಕೂಗಿದ್ದು ಕೇಳಿಸಿತು. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿದ್ದ ಒಬ್ಬ ಹೆಂಗಸು, ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು, ಒಳಗೆ ಹೊಸಬನನ್ನು ಕಂಡು ಸ್ವಲ್ಪ ಹಿಂದೆ ಸರಿದಳು. ‘ಬನ್ನಿ, ಇವರು ನಮ್ಮ ಭಾವ, ಅಕ್ಕನ ಯಜಮಾನರು’ ಎಂದ ಭಾಮೈದ. ಹೇಳುವಾಗ ಅವನ ದೃಷ್ಟಿ ಇವನ ಮುಖದ ಮೇಲಿತ್ತು, ಮೀಟಿಂಗಿನ ಕೋಣೆಯಲ್ಲಿ ಮುಂದಕ್ಕೆ ಬಾಗಿ ಕೇಳಿಕೊಂಡ ದಿನ ಇದ್ದ ಹಾಗೆಯೇ. ಹೆಂಗಸು ಇವನಿಗೆ ಕೈಮುಗಿದಳು. ‘ಇವರ ಅಕ್ಕ ಬಂದಾಗೆಲ್ಲ ನಿಮ್ಮ ವಿಷಯ ಹೇಳ್ತಿರ್ತಾರೆ’ ಎಂದಳು. ಮಗಳ ಜಡೆಯನ್ನು ಸರಿಮಾಡುತ್ತ, ಮುಂದುವರಿಸಲೋ ಬೇಡವೋ ಎಂದು ತಡೆದು, ಆಮೇಲೆ ಹೇಳಿಯೇಬಿಟ್ಟಳು: ‘ನಿಮ್ಮ ಭಾಮೈದನಿಂದ ನಮಗೆ ಆಗಬಾರದ್ದು ಆಯ್ತು, ಇಲ್ಲ ಅನ್ನೋದಿಲ್ಲ. ಆದ್ರೆ ಮನೆ ಬಾಗಿಲಿಗೆ ಬಂದು ನಾನೇ ಮಾಡಿದ್ದು ಅಂತ ಒಪ್ಕೊಂಡ್ರು ನೋಡಿ. ಅಷ್ಟು ದೊಡ್ಡ ಮನಸ್ಸು ಎಷ್ಟು ಜನಕ್ಕಿರುತ್ತೆ ಹೇಳಿ.’

ಭಾಮೈದ ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸುತ್ತಿದ್ದ. ನೂಲು ಕಣ್ಣಿಗೆ ಹೋಗುತ್ತಿರಲಿಲ್ಲ. ಹುಡುಗಿ ಇವನನ್ನೇ ನೋಡುತ್ತಿದ್ದಳು.

‘ನಿಜಮ್ಮ’ ಎಂದ ಇವನು. ‘ಎಲ್ಲರಿಗೂ ಇರೋದಿಲ್ಲ.’